ದೈಜೋಬು ಅಂದ ಮಹಾಪುರುಷ

"ಈ ಸಲ ಕಿವಿಯ ಮಾತು ಕೇಳ್ಬೇಡ, ಕೈಯ ಮಾತು ಕೇಳು," ಎಂದ ಸಾಗಿಸಾಕಾ, ಓದೆನ್ ಸಾರಿನಲ್ಲಿ ಬೆಂದು ಕಡ್ಡಿಗೆ ಚುಚ್ಚಿದ್ದ ಕಪ್ಪು ಮೀನುಬಿಲ್ಲೆಯನ್ನು ಹಲ್ಲಲ್ಲಿ ಎಳೆದುಕೊಳ್ಳುತ್ತ. "ಒಂದು ಕೈಲಿ ಎತ್ತೋಕೆ ಬಂದ್ರೆ ಅದು ಆಂಪ್ಲಿಫೈಯರ್. ಎರಡು ಕೈ ಬೇಕು ಅಂದ್ರೆ ಅದು ಹೆಣ."

ಕಜುಯೊ ತನ್ನ ಕಡ್ಡಿಯನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟಳು. "ಹೆಣ ಅನ್ಬೇಡ."

"ಮತ್ತೇನನ್ಲಿ? ನುಮಾಜುನಲ್ಲಿ ಎರಡು ಸಲ ಸತ್ತಿದೆ. ಎರಡು ಸಲ ಸತ್ತಿದ್ದನ್ನ ಹೆಣ ಅನ್ನದೆ ಮದುಮಗ ಅಂತೀಯಾ?"

ಪಕ್ಕದಲ್ಲಿ ಕೂತಿದ್ದ ನಗಾಕುರಾ ನಗು ತಡೆಯಲು ಹೋಗಿ ಸಾರನ್ನು ನೆತ್ತಿಗೇರಿಸಿಕೊಂಡ. ಮಿಠಾಯಿ ಅಂಗಡಿಯ ಅಜ್ಜಿ ಒಲೆಯ ಆಚೆಯಿಂದಲೇ ಅವನಿಗೊಂದು ಲೋಟ ನೀರು ಚಾಚಿದಳು. ಶನಿವಾರ ಮಧ್ಯಾಹ್ನ. ಗುಡಿಯ ಹಿಂದಿನ ಓಣಿಯ ಆ ಪುಟ್ಟ ಅಂಗಡಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಕೂರುವ ಬೆಂಚಿನ ಮೇಲೆ, ಮಕ್ಕಳ ವಯಸ್ಸು ದಾಟಿ ನಾಲ್ಕು ದಶಕವಾದ ಈ ಮೂವರು ಮೊಣಕಾಲು ಮಡಚಿ ಕೂತಿದ್ದರು. ಇದೇ ಬೆಂಚಿನ ಮೇಲೆ, ಹೈಸ್ಕೂಲಿನಲ್ಲಿದ್ದಾಗ, ನಾವೂ ಒಂದು ಬ್ಯಾಂಡ್ ಕಟ್ಟೋಣ ಎಂದು ಮಾತಾಡಿಕೊಂಡವರು. ಮದುವೆ, ಮಕ್ಕಳು, ವ್ಯಾಪಾರ ಅಂತ ಮಧ್ಯೆ ಎಷ್ಟೋ ವರ್ಷ ಬಿಟ್ಟು, ಈಗ ಮತ್ತೆ ಕೂಡಿದ್ದರು. ಸಾಗಿಸಾಕಾ ಚಹಾ ಮಂಡಿಯ ಮಾಲೀಕ. ಗಿಟಾರ್ ಅವನದು, ಹಾಡು ಅವನದು, ಕೊನೆಯ ಮಾತೂ ಅವನದೇ. ನಗಾಕುರಾ ಮದುವೆಯಾಗಿ ಮಾವನ ಮನೆಯ ವ್ಯಾಪಾರಕ್ಕೆಂದು ಫುಜಿ ಹೊಳೆಯಾಚೆ ನುಮಾಜುವಿಗೆ ಹೋಗಿ ನೆಲೆಸಿದವನು. ಹಗಲು ಬಂಗಡೆಯ ಜಾತಿಯ ಮೀನು ಸೀಳಿ ಒಣಗಿಸುತ್ತಾನೆ, ವಾರಕ್ಕೊಮ್ಮೆ ಹೊಳೆ ದಾಟಿ ಬಂದು ಡ್ರಮ್ ಬಾರಿಸುತ್ತಾನೆ. ಕಜುಯೊ ಬೇಸ್ ಗಿಟಾರ್ ನುಡಿಸುವವಳು.

"ಸತ್ತದ್ದು ನುಮಾಜುನಲ್ಲಿ ಮಾತ್ರ," ಎಂದಳು ಕಜುಯೊ. "ಇಲ್ಲಿ ಒಂದು ದಿನ ಕೆಮ್ಮಿದ್ದೂ ಇಲ್ಲ. ಅಲ್ಲಿನ ಹಾಲ್‌ನ ಕರೆಂಟೇ ಸರಿಯಿಲ್ಲ."

"ನಮ್ಮೂರ ಕರೆಂಟ್‌ಗೆ ಏನಾಗಿದೆ?" ನಗಾಕುರಾಗೆ ಊರಿನ ಅಭಿಮಾನ ಉಕ್ಕಿತು. "ನನ್ನ ಮೀನೇನು ಫ್ರಿಜ್‌ನಲ್ಲಿ ಕೊಳೆತುಹೋಗ್ತಿದ್ಯಾ, ಕಜು-ಚಾನ್?"

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಸಾಗಿಸಾಕಾ.

ಕಜುಯೊಗೆ ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳಂತೆ. ಅವಳು ಹದಿನೆಂಟಕ್ಕೇ ಶಿಮಿಜು ಬಂದರಿನ ಟ್ಯೂನಾ ಡಬ್ಬಿ ಕಾರ್ಖಾನೆ ಸೇರಿದವಳು. ತುದಿಗೆ ಗುಂಡಿರುವ ಒಂದು ಸಣ್ಣ ಕಡ್ಡಿ ಹಿಡಿದು, ಸಾಲಾಗಿ ಹರಿದು ಬರುವ ಡಬ್ಬಿಗಳ ನೆತ್ತಿಗೆ ಟಕ್, ಟಕ್ ಎಂದು ಬಡಿಯುತ್ತ, ದನಿಯಲ್ಲೇ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವ ಕೆಲಸ. ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಲ್ಲಿ ಬಡಿದು ನೋಡುವ ಹಾಗೆ. ಆದರೆ ಮಡಕೆ ಕೊಳ್ಳುವವರು ಒಂದು ಮಡಕೆ ಬಡಿಯುತ್ತಾರೆ, ಇವಳ ಕೈಕೆಳಗೆ ಇಡೀ ಸಮುದ್ರವೇ ಡಬ್ಬಿಯಾಗಿ ಹರಿದುಹೋಗಿದೆ. ಆಮೇಲೆ ಯಂತ್ರಗಳು ಬಂದವು, ಕಡ್ಡಿ ಅವಳ ಕೈಚೀಲ ಸೇರಿತು. ಕಿವಿ ಮಾತ್ರ ಹಾಗೆಯೇ ಉಳಿಯಿತು.

ಆ ಕಡ್ಡಿಯಿಂದಲೇ ಅವಳು ಆಂಪ್ಲಿಫೈಯರ್ ಆರಿಸಿದ್ದು. ಉರಾನೊ ಎಂಬವರ ಹಳೆ ವಾದ್ಯಗಳ ಅಂಗಡಿಯಲ್ಲಿ ಅಂದು ಹಳೇ ರೇಡಿಯೊಗಳ ಹಾಗೆ ಗಾಜಿನ ವಾಲ್ವ್‌ಗಳಿಂದ ನಡೆಯುವ ಮೂರು ಆಂಪ್‌ಗಳಿದ್ದವು. ಒಂದು ಇಂಗ್ಲೆಂಡಿನದು, ನೋಡಲು ಮದುಮಗಳಂತಿತ್ತು; ಆದರೆ ಅದರ ಎರಡು ವಾಲ್ವ್‌ಗಳ ಗಾಜಿಗೆ ಕಡ್ಡಿ ತಾಕಿಸಿದರೆ ಸ್ಪೀಕರ್ ಕಿಣಿಕಿಣಿ ಅನ್ನುತ್ತಿತ್ತು. ಇನ್ನೊಂದು ಹೊಸದು, ವಾಲ್ವ್‌ಗಳನ್ನು ತೆಳ್ಳನೆಯ ಹಲಗೆಗೇ ಬೆಸೆದಿದ್ದರು, ಆ ಕಾವಿಗೆ ಹಲಗೆ ಆಗಲೇ ಕಂದಿತ್ತು. ಮೂರನೆಯದು ಅಮೆರಿಕದ್ದು, ಬೂದು ಬಣ್ಣದ್ದು, ಕುರೂಪಿ. ಹಿಂದಿನ ತಗಡು ತೆಗೆದರೆ ಒಳಗೆ ಪ್ರತಿಯೊಂದು ತಂತಿಯನ್ನೂ ಯಾರೋ ಕೈಯಲ್ಲಿ ಮಡಿಸಿ, ಕೈಯಲ್ಲಿ ಬೆಸೆದಿದ್ದರು. ಫ್ಯೂಸು ಹೊರಗಡೆಯೇ ಕೈಗೆ ಸಿಗುತ್ತಿತ್ತು. ವಾಲ್ವ್‌ಗಳು ಇವತ್ತಿಗೂ ಪೇಟೆಯಲ್ಲಿ ಸಿಗುವಂಥವು. ಟ್ರಾನ್ಸ್‌ಫಾರ್ಮರ್ ಅಂತೂ ಅಕ್ಕಿಮೂಟೆಯಷ್ಟು ಗಟ್ಟಿ. ಬೇಸ್‌ನ ಕೆಳಗಿನ ತಂತಿ ಮೀಟಿದರೆ ದನಿ ಕಿವಿಗೆ ಬರುವುದಕ್ಕಿಂತ ಮೊದಲು ಅಂಗಾಲಿಗೆ ಬರುತ್ತಿತ್ತು. ಕಜುಯೊ ವಾಲ್ವ್‌ಗಳನ್ನು ಒಂದೊಂದಾಗಿ ಬಡಿದು ನೋಡಿ, "ಇದೇ" ಅಂದಿದ್ದಳು. ಅಷ್ಟು ತೂಕದ, ಅಷ್ಟು ಬೂದು ಬಣ್ಣದ ಅದಕ್ಕೆ ನಗಾಕುರಾ ಮಾಗುರೊ, ಅಂದರೆ ಟ್ಯೂನಾ, ಎಂದು ಹೆಸರಿಟ್ಟ.

ತಮ್ಮ ಊರು ಶಿಜುವೋಕಾದಲ್ಲಿ ಮಾಗುರೊ ಎಂದೂ ಬಾಯಿ ಮುಚ್ಚಲಿಲ್ಲ. ನುಮಾಜುವಿನಲ್ಲಿ ಮೊದಲ ಸಲ, ಕಡೆಯ ಭಾಗದ ನಿಧಾನದ ಹಾಡಿನ ನಡುವೆ ಗುಂಯ್ ಎಂದು ಗೊಣಗಿ, ಸುಟ್ಟ ವಾಸನೆ ಬಿಟ್ಟು, ನಿಂತಿತು. ಎರಡನೆಯ ಸಲವೂ ಅದೇ ಹಾಡು, ಅದೇ ಗೊಣಗು. ಹೆದ್ದಾರಿಯಲ್ಲಿ ಕುಲುಕಾಡಿ ಹಾಳಾಗಿದೆ ಎಂದು ಸಾಗಿಸಾಕಾ ತೀರ್ಪು ಕೊಟ್ಟ. ಕಜುಯೊ ನಂಬಿದಳು. ಎಲ್ಲ ವಾಲ್ವ್ ಬದಲಾಯಿಸಿದಳು. ಎರಡನೆಯ ಸಲ ಹೋಗುವಾಗ ಅದನ್ನು ಹಾಸಿಗೆಯಲ್ಲಿ ಸುತ್ತಿ, ವ್ಯಾನಿನ ಹಿಂದೆ ಅದರ ಪಕ್ಕದಲ್ಲೇ ಕೂತು, ಬಾಣಂತಿಯನ್ನು ಕರೆದೊಯ್ಯುವ ಹಾಗೆ ಒಯ್ದಳು. ಆದರೂ ನಿಂತಿತು; ಊರಿಗೆ ತಂದು ಹೊಸ ಫ್ಯೂಸು ಹಾಕಿದರೆ ಮತ್ತೆ ಸರಿಯಾಗೇ ನುಡಿಯಿತು. ಅಂದಿನಿಂದ ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಹುಟ್ಟಿತ್ತು. ಕೆಟ್ಟ ಡಬ್ಬಿಯನ್ನು ಒಳ್ಳೆಯದೆಂದು ಮುಂದಕ್ಕೆ ಬಿಟ್ಟೆನೇ?

"ನೋಡು, ಮುಂದಿನ ಭಾನುವಾರ ನುಮಾಜುನಲ್ಲಿ ಒಣಮೀನು ಸಂಘದವರ ಹಬ್ಬ," ಎಂದ ಸಾಗಿಸಾಕಾ, ದನಿ ತಗ್ಗಿಸಿ. "ನಗಾಕುರಾ ತನ್ನ ಸಂಘದವರ ಮುಂದೆ ಮಾತು ಕೊಟ್ಟಿದ್ದಾನೆ. ಮೂರನೇ ಸಲ ಮಾನ ಹೋಗೋದು ಬೇಡ. ಉರಾನೊ-ಸಾನ್ ಅಂಗಡಿಲಿ ಒಂದು ಹಗುರದ್ದು ತೆಗೆದಿಡ್ಸಿದ್ದೀನಿ. ವಾಲ್ವ್ ಇಲ್ಲ, ಗೀಲ್ವ್ ಇಲ್ಲ. ಅದು ಒಪ್ಪಿಗೆ ಇಲ್ಲ ಅಂದ್ರೆ, ನಮ್ಮ ಮಂಡಿ ಹುಡುಗ ಹಿರೋತೊ ಇದ್ದಾನೆ. ಅವನೂ ಬೇಸ್ ನುಡಿಸ್ತಾನೆ, ತನ್ನದೇ ಸಣ್ಣ ಆಂಪ್ ಇದೆ. ನಮ್ಮ ಹಾಡುಗಳೂ ಬರುತ್ತೆ."

"ಹಾಡುಗಳು ಅವನಿಗೆ ಹೇಗೆ ಬರುತ್ತೆ?"

ಸಾಗಿಸಾಕಾ ಸಾರು ಕುಡಿದ.

"ಯಾವಾಗ ಕಲಿಸ್ದೆ?"

"ಹಂಗೇ ಸುಮ್ನೆ. ಬಿಡುವಿನಲ್ಲಿ. ನೀನೇನೂ ತಲೆಕೆಡಿಸ್ಕೋಬೇಡ. ದೈಜೋಬು."

ದೈಜೋಬು. ಈ ನಾಡಿನಲ್ಲಿ ಆ ಒಂದು ಮಾತಿದ್ದರೆ ಜೀವನ ಕಳೆಯುತ್ತದೆ. ಇನ್ನೊಂದು ಬಟ್ಟಲು ಅನ್ನ ಬೇಕೆ ಎಂದರೆ ದೈಜೋಬು, ಅಂದರೆ ಬೇಡ. ಈ ಕೆಲಸ ಆಗುತ್ತದೆಯೇ ಎಂದರೆ ದೈಜೋಬು, ಅಂದರೆ ಆಗುತ್ತದೆ. ಮೆಟ್ಟಿಲಿನಿಂದ ಉರುಳಿ ಕಾಲು ಮುರಿದುಕೊಂಡವನು ಕೂಡ ಕೈಯಾಡಿಸುತ್ತ ಅದನ್ನೇ ಹೇಳುತ್ತಾನೆ. ಸಾಗಿಸಾಕಾ ಅದನ್ನು ಉಸಿರಿನ ಹಾಗೆ ಬಳಸುತ್ತಿದ್ದ.

ಕಜುಯೊ ಎದ್ದು, ಅಜ್ಜಿಗೆ ತಲೆಬಾಗಿ ಹೊರಟಳು. ಬಾಗಿಲಲ್ಲಿ ತಿರುಗಿ ನಗಾಕುರಾನನ್ನು ನೋಡಿ, "ನಿಂಗೂ ಗೊತ್ತಿತ್ತಾ?" ಎಂದಳು. ನಗಾಕುರಾ ತಟ್ಟೆಯಲ್ಲಿದ್ದ ಖಾಲಿ ಕಡ್ಡಿಗಳನ್ನು ಜೋಡಿಸತೊಡಗಿದ. ಗೊತ್ತಿತ್ತು.

ಮನೆಯಲ್ಲಿ ತಾಯಿ ಸುಯೆ ಹಳೇ ಪತ್ರಿಕೆ ಹರಡಿಕೊಂಡು ಎಳೆ ಬಿದಿರುಕಳಲೆಯ ಸಿಪ್ಪೆ ಸುಲಿಯುತ್ತಿದ್ದಳು. ಮಗಳು ಚಪ್ಪಲಿ ಬಿಟ್ಟ ಸದ್ದಿನಲ್ಲೇ ಅವಳಿಗೆ ಅರ್ಥವಾಯಿತು.

"ಯಾರ ಮೇಲೆ?"

"ಎಲ್ಲರ ಮೇಲೆ," ಎಂದಳು ಕಜುಯೊ, ಎದುರಿಗೆ ಕೂತು ಒಂದು ಕಳಲೆ ಎತ್ತಿಕೊಂಡು. ಸಿಪ್ಪೆ ಸುಲಿಯುತ್ತ ಎಲ್ಲವನ್ನೂ ಹೇಳಿದಳು. ಹೆಣ ಅಂದದ್ದು, ನೆಲ ಡೊಂಕು ಅಂದದ್ದು, ತನ್ನ ಬೆನ್ನ ಹಿಂದೆ ಹುಡುಗನಿಗೆ ಹಾಡು ಕಲಿಸಿದ್ದು. ಹೇಳಹೇಳುತ್ತ ಕಳಲೆಯ ಸಿಪ್ಪೆಯ ಜೊತೆಗೆ ತಿರುಳೂ ಹೋಗುತ್ತಿತ್ತು.

"ಸಾಕು, ಅದನ್ನ ಇಲ್ಲಿ ಕೊಡು, ಅದೇನು ಸಾಗಿಸಾಕಾನ ತಲೆಯಲ್ಲ," ಎಂದಳು ಸುಯೆ. ಆಮೇಲೆ ಸ್ವಲ್ಪ ಯೋಚಿಸಿ, "ನುಮಾಜುನಲ್ಲಿ ಮಾತ್ರ ನಿಲ್ಲುತ್ತೆ ಅಂದ್ಯಾ?"

"ಹೂಂ."

"ಇಲ್ಲಿ ನಿಲ್ಲಲ್ಲ?"

"ಇಲ್ಲ ಅಂದ್ನಲ್ಲಮ್ಮ."

ಸುಯೆ ಚಾಕು ಕೆಳಗಿಟ್ಟು ನಗತೊಡಗಿದಳು. ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕಳು.

"ನಾನು ನುಮಾಜುನಿಂದ ಈ ಮನೆಗೆ ಮದುವೆಯಾಗಿ ಬಂದಾಗ ನಮ್ಮಪ್ಪ ಒಂದು ರೆಕಾರ್ಡ್ ಪ್ಲೇಯರ್ ಕೊಟ್ಟು ಕಳ್ಸಿದ್ರು. ಆ ಕಾಲಕ್ಕೆ ಅದೇ ದೊಡ್ಡ ಬಳುವಳಿ. ಇಲ್ಲಿ ಬಂದು ಹಾಕಿದ್ರೆ, ಅಷ್ಟು ದಪ್ಪ ಗಂಟಲಿನ ಹಾಡುಗಾರ ಕೋಳಿಮರಿ ಹಂಗೆ ಕಿಚಿಕಿಚಿ ಅಂತಾನೆ. ವಿರಹದ ಹಾಡು ಓಟದ ಹಾಡಾಗೋಯ್ತು. ನಿಮ್ಮಜ್ಜಿ ಏನಂದ್ರು ಗೊತ್ತಾ? 'ಸೊಸೆಯ ಕಡೆಯವರು ಕೆಟ್ಟಿದ್ದನ್ನ ದಾಟಿಸಿದ್ದಾರೆ' ಅಂತ. ಬಂದವರ ಮುಂದೆಲ್ಲ ಅಂದ್ರು. ನಾನು ನಮ್ಮಪ್ಪನ ಮೇಲೇ ಸಿಟ್ಟಾದೆ. ಕಾಗದ ಬರೆದು ಬೈದೆ. ಪಾಪ."

"ಕೆಟ್ಟಿತ್ತಾ?"

"ಎಲ್ಲಿ ಕೆಟ್ಟಿತ್ತು? ಹೊಳೆ ದಾಟಿತ್ತು, ಅಷ್ಟೇ. ಆ ಕಡೆ ಕರೆಂಟು ನಿಧಾನ, ಈ ಕಡೆ ಅವಸರ. ಆಮೇಲೆ ಯಾರೋ ಒಳಗಿನ ಒಂದು ಸಣ್ಣ ಗಾಲಿ ಬದಲಾಯಿಸಿ ಕೊಟ್ರು, ಸರಿಹೋಯ್ತು. ನಮ್ಮ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತಮ್ಮ. ಹೊಳೆ ದಾಟಿ ಮನೆ ಬದಲಾಯಿಸಿದ್ರೆ ಬಟ್ಟೆ ಒಗೆಯೋ ಯಂತ್ರಾನೂ ಬದಲಾಯಿಸ್ತಿದ್ರು. ಈಗಿನ ಸಾಮಾನು ಎರಡೂ ಕಡೆ ನಡೆಯುತ್ತೆ, ಹಂಗಾಗಿ ಎಲ್ರೂ ಮರೆತಿದ್ದಾರೆ."

ಕಜುಯೊ ಕೈಯಲ್ಲಿದ್ದ ಕಳಲೆಯನ್ನು ಹಾಗೇ ಬಿಟ್ಟು ಹಿಂದಿನ ಕೋಣೆಗೆ ಓಡಿದಳು. ಮಾಗುರೊವನ್ನು ಗೋಡೆಯ ಕಡೆಯಿಂದ ತಿರುಗಿಸಿದಳು. ಬೆನ್ನಿನ ಮೇಲೆ ಎಣ್ಣೆ ಜಿಡ್ಡು ಹತ್ತಿದ ತಗಡಿನ ಪಟ್ಟಿ; ಅಷ್ಟು ದಿನ ಅದು ಕೊಳೆ ಅನ್ನಿಸಿತ್ತು. ಅಂಗಿಯ ತೋಳಿನಿಂದ ಉಜ್ಜಿದಳು. ಅರವತ್ತು ಎಂದಿತ್ತು. ಅರವತ್ತು ಮಾತ್ರ. ಐವತ್ತು ಎಲ್ಲೂ ಇರಲಿಲ್ಲ. ಅಜ್ಜಂದಿರ ಕಾಲದಲ್ಲಿ ತೋಕಿಯೋದವರು ಕರೆಂಟು ಹುಟ್ಟಿಸುವ ಜರ್ಮನಿಯ ಯಂತ್ರ ತಂದರಂತೆ, ಓಸಾಕಾದವರು ಅಮೆರಿಕದ್ದು ತಂದರಂತೆ. ಅಂದಿನಿಂದ ಇಂದಿನವರೆಗೆ ಫುಜಿ ಹೊಳೆಯ ಮೂಡಲಿಗೆ, ನುಮಾಜು ಕಡೆ, ಕರೆಂಟು ಸೆಕೆಂಡಿಗೆ ಐವತ್ತು ಸಲ ತುಯ್ಯುತ್ತದೆ, ಪಡುವಲಿಗೆ ಅರವತ್ತು ಸಲ. ಶಾಲೆಯಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಬರೆದು ಮರೆತಿದ್ದಳು.

ತನ್ನ ಕಿವಿ ತಪ್ಪಿರಲಿಲ್ಲ. ಆ ನೆಮ್ಮದಿ ಒಂದು ಗಳಿಗೆ ಇತ್ತು, ಅಷ್ಟೇ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ನಾನಾದರೂ ಡಬ್ಬಿ ಬಡಿಯುವವಳು. ಮಾರಿದ ಉರಾನೊ-ಸಾನ್‌ಗೆ ಇದು ಗೊತ್ತಿರಲಿಲ್ಲವೇ?

"ಅಮ್ಮ, ನಾನು ಹೊರಗೆ ಹೋಗ್ಬರ್ತೀನಿ."

"ಹೋಗು. ಆ ಸಾಗಿಸಾಕಾ ದೈಜೋಬು ಅಂದ್ರೆ ನಂಬಬೇಡ. ನಿಮ್ಮಪ್ಪನೂ ಮೊದಲು ಹಂಗೇ ಅಂದು ರೆಕಾರ್ಡ್ ಪ್ಲೇಯರ್‌ನ ಕಪಾಟಿಗೆ ಸೇರಿಸಿದ್ರು." ಸುಯೆ ಮತ್ತೆ ಚಾಕು ಎತ್ತಿಕೊಂಡಳು. "ಗುಡಿಯ ಸ್ವಾಮಿಗಳು ಒಂದ್ಸಲ ಹೇಳಿದ್ರು. ದೈಜೋಬು ಅಂತ ಬರೀತೀವಲ್ಲ, ಆ ಅಕ್ಷರಗಳಿಗೆ ಮೂಲದಲ್ಲಿ ಮಹಾಪುರುಷ ಅಂತ ಅರ್ಥವಂತೆ. ಬೋಧಿಸತ್ವರಿಗೆ ಹೇಳೋ ಮಾತಂತೆ. ಈಗ ನೋಡು, ಬೀದಿಗೊಬ್ಬ ಮಹಾಪುರುಷ."

ಉರಾನೊ ಅವರ ಅಂಗಡಿಯಲ್ಲಿ ಸಾಗಿಸಾಕಾ ಆಗಲೇ ಬಂದು ಕೂತಿದ್ದ. ಅವನ ಪಕ್ಕದ ಸ್ಟೂಲಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಆಂಪ್. ಅದರ ಹಿಡಿಯನ್ನು ಒಂದು ಬೆರಳಲ್ಲಿ ಎತ್ತಿ ತೂಗಿ ತೋರಿಸಿದ. "ಬಂದ್ಯಾ? ನೋಡು, ಕಿರುಬೆರಳು ಸಾಕು."

ಕಜುಯೊ ಅವನ ಕಡೆ ನೋಡಲಿಲ್ಲ. "ಉರಾನೊ-ಸಾನ್, ನೀವು ನನಗೆ ಮಾರಿದ ಆಂಪ್ ಹೊಳೆ ಆಚೆ ನಡೆಯಲ್ಲ ಅಂತ ನಿಮಗೆ ಗೊತ್ತಿತ್ತಾ?"

ಉರಾನೊ ಗಿಟಾರಿನ ಕಿವಿ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿದರು. ಎಪ್ಪತ್ತು ದಾಟಿದವರು, ಮೆತ್ತನೆ ಮಾತಿನವರು, ಗಿರಾಕಿಗಳನ್ನು ಮನೆತನದ ಹೆಸರಿಂದಲೇ ಕರೆಯುವವರು. "ನಡೆಯುತ್ತಲ್ಲ, ಮೋಚಿಜುಕಿ-ಸಾನ್. ಪೆಟ್ಟಿಗೆ ಹಾಕದೆ ಇದ್ರೆ ಚೆನ್ನಾಗೇ ನಡೆಯುತ್ತೆ."

ಪೆಟ್ಟಿಗೆ ಎಂದರೆ ಆಂಪ್ ಜೊತೆ ಅವರೇ ಕೊಟ್ಟದ್ದು. ಅಮೆರಿಕದ ಆಂಪ್‌ಗೆ ಇಲ್ಲಿನ ಗೋಡೆಯ ನೂರು ವೋಲ್ಟ್ ಸಾಲದು. ಅದನ್ನು ಸ್ವಲ್ಪ ಮೇಲೇರಿಸಿ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ. ಗೋಡೆಗೂ ಮಾಗುರೊಗೂ ನಡುವೆ ಕಜುಯೊ ಅದನ್ನು ಎಂದೂ ತಪ್ಪಿಸಿರಲಿಲ್ಲ.

"ಹೊಳೆ ಆಚೆ ಕರೆಂಟು ನಿಧಾನ. ನಿಧಾನದ ಕರೆಂಟಿಗೆ ಈ ಅಮೆರಿಕದ ಟ್ರಾನ್ಸ್‌ಫಾರ್ಮರ್ ಮೊದಲೇ ಬಿಸಿಯಾಗುತ್ತೆ. ಅದರ ಮೇಲೆ ಪೆಟ್ಟಿಗೆ ಇಟ್ಟು ಏರಿಸಿದ್ರೆ ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ. ಆ ಕಡೆ ಹೋದಾಗ ಪೆಟ್ಟಿಗೆ ಬಿಟ್ಟು ನೇರ ಗೋಡೆಗೆ ಚುಚ್ಚಿ, ಗಂಟಲು ಸ್ವಲ್ಪ ತಗ್ಗುತ್ತೆ, ಜೀವಕ್ಕೇನೂ ಆಗಲ್ಲ ಅಂತ ಹೇಳಿದ್ದೆನಲ್ಲ."

"ಯಾರಿಗೆ ಹೇಳಿದ್ರಿ?"

ಉರಾನೊ ಸಾಗಿಸಾಕಾನ ಕಡೆ ನೋಡಿದರು.

"ನಾನು ಕೊಂಡವಳು. ಕೇಳ್ತಿದ್ದೀನಿ, ಯಾರಿಗೆ ಹೇಳಿದ್ರಿ?"

"ನೀವು ಆಂಪ್ ಒಳಗೆ ತಲೆ ಹಾಕಿಕೊಂಡು ವಾಲ್ವ್ ಬಡೀತಾ ಇದ್ರಿ," ಎಂದರು ಉರಾನೊ. "ಅಡ್ಡಿ ಮಾಡೋದು ಬೇಡ ಅನ್ನಿಸ್ತು. ಇವರು ಪಕ್ಕದಲ್ಲೇ ನಿಂತಿದ್ರು. ಹೊಳೆ ಆಚೆಗೂ ಒಯ್ಯೋದುಂಟಾ ಅಂತ ಕೇಳ್ದೆ, ವಿಷಯ ಹೇಳ್ದೆ. ಇವರು ದೈಜೋಬು, ದೈಜೋಬು ಅಂದ್ರು. ಗಂಡಸರು ಜೊತೆಗಿದ್ದಾರೆ, ಅವರಿಗೆ ಹೇಳಿದ್ರೆ ನಿಮಗೆ ಹೇಳಿದ ಹಾಗೇ ಅಂತ ನಾನು..."

ಅವರು ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದರು.

ಕಜುಯೊ ನಿಧಾನವಾಗಿ ಸಾಗಿಸಾಕಾನ ಕಡೆ ತಿರುಗಿದಳು.

"ನಿನಗೆ ಹೇಳಿದ್ರಾ?"

"ಹೇಳಿರಬಹುದು," ಎಂದ ಸಾಗಿಸಾಕಾ. "ಯಾರಿಗೆ ನೆನಪಿರುತ್ತೆ? ಅವತ್ತು ಮಂಡಿಯಿಂದ ಫೋನ್ ಮೇಲೆ ಫೋನ್ ಬರ್ತಿತ್ತು. ಏನೋ ಹೊಳೆ ಅಂದ್ರು, ಕರೆಂಟ್ ಅಂದ್ರು. ನನಗೆ ಆಂಪ್ ಬೇಕಿರ್ಲಿಲ್ಲ ತಾನೇ? ನಾನ್ಯಾಕೆ ನೆನಪಿಟ್ಕೊಳ್ಳಲಿ?"

"ಅದನ್ನೇ ನಾನೂ ಕೇಳ್ತಿರೋದು. ನಿನಗೆ ಬೇಕಿರ್ಲಿಲ್ಲ. ಬೇಕಾಗಿದ್ದವಳು ಕೈ ಚಾಚಿದ್ರೆ ಸಿಗೋ ಅಷ್ಟು ಹತ್ತಿರ ಕೂತಿದ್ಲು. 'ಅವಳಿಗೇ ಹೇಳಿ' ಅನ್ನೋದಕ್ಕೆ ನಿನ್ನ ಬಾಯಿಗೆ ಏನಾಗಿತ್ತು?"

"ಇಷ್ಟಕ್ಕೆಲ್ಲ..."

"ಇಷ್ಟಕ್ಕಾ?" ಕಜುಯೊ ದನಿ ಏರಿಸಲಿಲ್ಲ, ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ದುಡಿದವಳು, ದನಿ ಏರಿಸದೆ ಕೇಳಿಸುವುದು ಅವಳಿಗೆ ಗೊತ್ತಿತ್ತು. "ಎರಡು ಸಲ ಅಷ್ಟು ಜನರ ಮುಂದೆ ಕೈ ಕಟ್ಟಿ ನಿಂತೆ. ಇದ್ದಬದ್ದ ವಾಲ್ವೆಲ್ಲ ಬದಲಾಯಿಸ್ದೆ. ಹಾಸಿಗೆ ಸುತ್ತಿ ತೊಡೆ ಪಕ್ಕ ಇಟ್ಕೊಂಡು ಹೋದೆ, ನೀವಿಬ್ರೂ ಮುಂದೆ ಕೂತು ನಕ್ರಿ. ರಾತ್ರಿ ಅಡಿಗೆಮನೆ ಡಬ್ಬಿಗಳನ್ನ ಬಡಿದು ನೋಡ್ತಿದ್ದೆ ಕಣೋ, ನನ್ನ ಕಿವಿ ಹೋಯ್ತೇನೋ ಅಂತ. ಇವತ್ತು ಮಧ್ಯಾಹ್ನ ನೀನು ಏನಂದೆ? ಕುಣಿಯಲಾರದವಳು. ನೆಲ ಡೊಂಕೇ ಇತ್ತು. ನೆಲ ಡೊಂಕು ಅಂತ ನಿನಗೆ ಮೊದಲೇ ಹೇಳಿದ್ರು. ಹೇಳಿಸ್ಕೊಂಡು, ನುಂಗಿಕೊಂಡು, ಆಮೇಲೆ ನನಗೇ ಕುಣಿತ ಬರಲ್ಲ ಅಂದೆ."

ಸಾಗಿಸಾಕಾ ಕಪ್ಪು ಆಂಪ್‌ನ ಗುಂಡಿಯೊಂದನ್ನು ಸುಮ್ಮನೆ ತಿರುಗಿಸಿದ. "ಬೇಕು ಅಂತ ಮಾಡಿದ್ದಲ್ಲ."

"ಬೇಕು ಅಂತ ಮಾಡಿದ್ರೆ ನಿನಗೆ ನನ್ನ ಮೇಲೆ ಗಮನವಾದ್ರೂ ಇತ್ತು ಅಂದ್ಕೋತಿದ್ದೆ. ನಮ್ಮಮ್ಮ ಈಗ ತಾನೇ ಹೇಳಿದ್ರು, ದೈಜೋಬು ಅಂದ್ರೆ ಮಹಾಪುರುಷ ಅಂತ ಅರ್ಥವಂತೆ. ಸರಿಯಾಗೇ ಇದೆ, ಮಹಾಪುರುಷ. ಕೇಳಿದ್ದೆಲ್ಲ ನಿನಗೆ, ಹೇಳಿದ್ದೆಲ್ಲ ನಿನಗೆ, ಸುಟ್ಟು ಹೋಗಿದ್ದು ಮಾತ್ರ ನನ್ನದು."

ಉರಾನೊ ಕೆಮ್ಮಿದರು. ತಪ್ಪು ತನ್ನದೂ ಇದೆ, ಮಾಗುರೊವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬದಲಿಗೆ ಇಲ್ಲಿಯವರೇ ಮಾಡಿದ, ಎರಡೂ ದಡದಲ್ಲಿ ನಡೆಯುವ ಒಂದು ವಾಲ್ವ್ ಆಂಪ್ ಇದೆ, ನೋಡಿ ಎಂದರು. ಈ ಸಲ ಕಜುಯೊ ಕಡೆ ಮಾತ್ರ ನೋಡುತ್ತ ಹೇಳಿದರು, ಒಂದೊಂದು ಮಾತಿಗೂ ತಲೆಬಾಗುತ್ತ.

ಕಜುಯೊ ನೋಡಿದಳು. ಸಿಟ್ಟಿದ್ದರೂ ಕೆಲಸ ಕೆಲಸವೇ. ತಗಡು ತೆಗೆಸಿದಳು, ಒಳಗೆ ಇಣುಕಿದಳು, ಕೈಚೀಲದಿಂದ ಕಡ್ಡಿ ತೆಗೆದು ವಾಲ್ವ್‌ಗಳನ್ನು ಬಡಿದಳು. ಒಳ್ಳೆಯದೇ. ಆದರೆ ಕೆಳಗಿನ ತಂತಿ ಮೀಟಿದಾಗ ದನಿ ಕಿವಿಗೇ ಮೊದಲು ಬಂತು.

"ಬೇಡ," ಎಂದಳು. "ನಾನು ಆರಿಸಿದ್ದು ಸರಿಯಾಗೇ ಇದೆ. ಭಾನುವಾರ ಮಾಗುರೊನೇ ಬರುತ್ತೆ."

"ಮತ್ತೆ ನಿಂತ್ರೆ?" ಎಂದ ಸಾಗಿಸಾಕಾ.

"ನಿಂತ್ರೆ ನಾನೇ ಬೇಸ್ ಕೆಳಗಿಟ್ಟು ಇಳಿದು ಹೋಗ್ತೀನಿ. ಆಮೇಲೆ ನಿನ್ನ ಹಿರೋತೊ, ನಿನ್ನ ಊಟದ ಡಬ್ಬಿ, ನಿನ್ನಿಷ್ಟ. ನಿಲ್ಲದೆ ಇದ್ರೆ ನೀನೇನು ಮಾಡ್ತೀಯ, ಅದನ್ನ ಯೋಚಿಸ್ಕೋ."

ಭಾನುವಾರ ವ್ಯಾನು ಹೊಳೆ ದಾಟಿತು. ಸೇತುವೆಯ ಕೆಳಗೆ ಅಗಲವಾದ ಕಲ್ಲುಹಾಸು, ನಡುವೆ ಒಂದೆರಡು ಎಳೆ ನೀರು. ಅಷ್ಟು ಬಡಕಲು ಹೊಳೆ ಇಷ್ಟೆಲ್ಲ ಮಾಡಿಸಿತೇ ಎಂದು ಕಜುಯೊ ಕಿಟಕಿಯಿಂದ ನೋಡಿದಳು. ಹೊಳೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ನುಮಾಜು ಬಂದರಿನ ಮೀನು ಹರಾಜಿನ ಛಾವಣಿಯ ಕೆಳಗೇ ವೇದಿಕೆ. ಸುತ್ತ ಜಾಲರಿಯ ಮೇಲೆ ಮೀನು ಸುಡುವ ಹೊಗೆ, ಬಿಯರ್ ಲೋಟಗಳು, ರಬ್ಬರ್ ಬೂಟು ಹಾಕಿಕೊಂಡೇ ಬಂದ ಹೆಂಗಸರು. ಕಜುಯೊ ಪೆಟ್ಟಿಗೆಯನ್ನು ವ್ಯಾನಿನಲ್ಲೇ ಬಿಟ್ಟು, ಮಾಗುರೊವಿನ ತಂತಿಯನ್ನು ನೇರವಾಗಿ ಗೋಡೆಗೆ ಚುಚ್ಚಿದಳು. ವಾಲ್ವ್‌ಗಳು ಎಂದಿಗಿಂತ ತಡವಾಗಿ, ಸ್ವಲ್ಪ ಮಂಕಾಗಿ ಕೆಂಪಾದವು. ಗಂಟಲು ತಗ್ಗಿದ್ದು ನಿಜ. ಅವಳು ಗುಂಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದಳು.

ಮೊದಲ ಹಾಡುಗಳು ಹೋದವು. ನಿಧಾನದ ಹಾಡು ಬಂತು. ನಗಾಕುರಾ ಡ್ರಮ್ಮಿನ ಹಿಂದಿನಿಂದ ಮಾಗುರೊವನ್ನೇ ನೋಡುತ್ತ, ಮಗು ಮಲಗಿಸುವವನ ಹಾಗೆ ಮೆಲ್ಲಗೆ ಬಾರಿಸುತ್ತಿದ್ದ. ಸಾಗಿಸಾಕಾ ಹಾಡುತ್ತ ಎರಡು ಸಲ ಹಿಂತಿರುಗಿ ನೋಡಿದ, ಒಂದು ಸಾಲು ಮರೆತ. ಗೊಣಗು ಬರುತ್ತಿದ್ದ ಜಾಗ ಹತ್ತಿರವಾದಾಗ ಕಜುಯೊ ಎಡಗೈ ತಂತಿಯ ಮೇಲಿಟ್ಟೇ ಸರಿದು, ಬಲ ಅಂಗೈಯನ್ನು ಒಂದು ಕ್ಷಣ ಮಾಗುರೊವಿನ ನೆತ್ತಿಗೆ ತಾಗಿಸಿದಳು. ಬಿಸಿಲಲ್ಲಿ ಮಲಗಿದ ಬೆಕ್ಕಿನ ಮೈಯಷ್ಟೇ ಬೆಚ್ಚಗಿತ್ತು. ಅವಳು ಕೆಳಗಿನ ತಂತಿಯನ್ನು ಮೀಟಿದಳು. ದನಿ ಕಾಂಕ್ರೀಟು ನೆಲದಲ್ಲಿ ಹರಿದು ಅಂಗಾಲಿಗೆ ಬಂತು. ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಬಗ್ಗಿ ತನ್ನ ಬೂಟನ್ನು ನೋಡಿಕೊಂಡಳು.

ಹಾಡು ಮುಗಿಯಿತು. ಅದರ ಮುಂದಿನದೂ, ಎಲ್ಲವೂ ಮುಗಿದವು. ಮಾಗುರೊ ನಿಲ್ಲಲಿಲ್ಲ.

ಸಾಮಾನು ಕಟ್ಟುವಾಗ ಸಂಘದ ಅಧ್ಯಕ್ಷ ಓಕಿತ್ಸು ಒಂದು ತಟ್ಟೆ ಸುಟ್ಟ ಮೀನು ಹಿಡಿದು ಬಂದರು. ಕಜುಯೊ ಮಾಗುರೊವಿನ ತಂತಿ ಸುತ್ತುತ್ತಿದ್ದಳು. ಅವರು ಅವಳ ಪಕ್ಕದಿಂದಲೇ ಹಾದು ಸಾಗಿಸಾಕಾನ ಮುಂದೆ ನಿಂತರು.

"ಸಾಗಿಸಾಕಾ-ಸಾನ್, ಹೊಟ್ಟೆ ಒಳಗೆಲ್ಲ ನಡುಗಿಹೋಯ್ತು ಕಣ್ರೀ. ನನ್ನ ಮಗಳೂ ಬೇಸ್ ಕಲೀತಾ ಇದ್ದಾಳೆ. ಇಂಥ ವಾಲ್ವಿನದ್ದೇ ಬೇಕು ಅಂತ ಹಟ. ಕೈಕೊಡದೆ ಇರೋ ಅಂಥದ್ದು ಯಾವುದು ತಗೋಬೇಕು? ಈಗ ಇದು, ಇದನ್ನ ತಗೊಂಡ್ರೆ ಆಗುತ್ತಾ?"

"ಓ, ಅದಕ್ಕೇನು, ದೈ..." ಎಂದ ಸಾಗಿಸಾಕಾ.

ಮಾತು ಅಲ್ಲೇ ನಿಂತಿತು. ಡ್ರಮ್ ಬಿಚ್ಚುತ್ತಿದ್ದ ನಗಾಕುರಾನ ಕೈಯೂ ನಿಂತಿತು. ಸಾಗಿಸಾಕಾನ ಕಿವಿ ಕೆಂಪಾಯಿತು.

"ನನ್ನ ಕೇಳ್ಬೇಡಿ," ಎಂದ. "ನನಗೆ ಗೊತ್ತಿಲ್ಲ. ನನಗೆ ಹೇಳಿದ್ರೂ ನನ್ನ ತಲೆಗೆ ಹೋಗಲ್ಲ. ಆಂಪ್ ಅವಳದು, ಆರಿಸಿದ್ದು ಅವಳು. ಅಲ್ಲಿದ್ದಾಳೆ ನೋಡಿ, ಅವಳನ್ನ ಕೇಳಿ."

ಓಕಿತ್ಸು ತಟ್ಟೆ ಸಮೇತ ತಿರುಗಿದರು. ಕಜುಯೊ ತಂತಿ ಸುತ್ತುವುದನ್ನು ಮುಗಿಸಿ, ಗಂಟು ಹಾಕಿ, ಆಮೇಲೆ ತಲೆಯೆತ್ತಿದಳು. ಸಿಟ್ಟು ಇನ್ನೂ ಇತ್ತು. ಅಷ್ಟು ಬೇಗ ಇಳಿಯುವ ಸಿಟ್ಟಾಗಿರಲಿಲ್ಲ ಅದು.

"ಮಗಳನ್ನೇ ಕಳ್ಸಿ, ಓಕಿತ್ಸು-ಸಾನ್," ಎಂದಳು. "ನಿಮಗೆ ಹೇಳಿದ್ರೆ ಅವಳಿಗೆ ಹೇಳಿದ ಹಾಗಾಗಲ್ಲ. ಅವಳಿಗೇ ಹೇಳ್ತೀನಿ. ಮೊದಲು ಅವಳನ್ನ ಒಂದು ಮಾತು ಕೇಳ್ಬೇಕು, ಹೊಳೆಯ ಯಾವ ಕಡೆ ಬಾರಿಸ್ತಾಳೆ ಅಂತ."

ಓಕಿತ್ಸು ಗುಂಪಿನ ಕಡೆ ನೋಡಿ ಮಗಳಿಗೆ ಕೈ ಬೀಸಿದರು. ಕಜುಯೊ ಕೈಚೀಲದಲ್ಲಿ ಕಡ್ಡಿ ಹುಡುಕತೊಡಗಿದಳು. ಅವಳ ಬೆನ್ನ ಹಿಂದೆ ಸಾಗಿಸಾಕಾ ಬಗ್ಗಿ, ಮೊದಲು ಒಂದು ಕೈ ಹಾಕಿ ನೋಡಿ, ಆಮೇಲೆ ಎರಡೂ ಕೈ ಹಾಕಿ ಮಾಗುರೊವನ್ನು ಎತ್ತಿದ. ಹೊಟ್ಟೆಗೆ ಅವಚಿಕೊಂಡು, ಕಾಲು ಅಗಲಿಸಿ, ಒದ್ದೆ ನೆಲದ ಮೇಲೆ ಜಾರದಂತೆ ಒಂದೊಂದೇ ಹೆಜ್ಜೆಯಿಡುತ್ತ ವ್ಯಾನಿನ ಕಡೆ ಹೊರಟ.